ಮೈರಾ ಎಂದು ಬರೆದಿಟ್ಟ ನಕ್ಷತ್ರ: ಝೆಡ್ ಉರ್ಸೆ ಮೈನೋರಿಸ್ ವರ್ಗ ಬದಲಾದ ಪ್ರಕರಣ

ಧ್ರುವ ನಕ್ಷತ್ರದಿಂದ ಅದೇ ಮಂಡಲದ ಕೋಕಬ್ ನಕ್ಷತ್ರದ ಕಡೆಗೆ ಒಂದು ಗೆರೆ ಎಳೆಯಿರಿ. ಸುಮಾರು ಅರ್ಧ ದಾರಿಯಲ್ಲಿ, ಗೆರೆಯ ಮೈಗೆ ಹತ್ತಿಕೊಂಡಂತೆ, 11ನೇ ಕಾಂತಿಮಾನದ (ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು) ಒಂದು ನಕ್ಷತ್ರವಿದೆ. ಬರಿಗಣ್ಣಿಗೆ ಕಾಣುವುದಿಲ್ಲ, 15 ಸೆಂ.ಮೀ. ದೂರದರ್ಶಕಕ್ಕೆ ಸಲೀಸಾಗಿ ಸಿಗುತ್ತದೆ. ಆಕಾಶದ ನಕ್ಷೆಯಲ್ಲಿ ಅದರ ಸ್ಥಾನ ರೈಟ್ ಅಸೆನ್ಶನ್ 15 ಗಂಟೆ 2 ನಿಮಿಷ, ಡೆಕ್ಲಿನೇಶನ್ +83 ಡಿಗ್ರಿ 4 ನಿಮಿಷ. ಹೆಸರು ಝೆಡ್ ಉರ್ಸೆ ಮೈನೋರಿಸ್, ಅಂದರೆ ಲಘು ಸಪ್ತರ್ಷಿ ಮಂಡಲದ ಝೆಡ್. ಕೆಲವೊಮ್ಮೆ ಇದು 18–19ನೇ ಕಾಂತಿಮಾನದವರೆಗೂ ಇಳಿದುಬಿಡುತ್ತದೆ. ಆಗ ಎರಡು ಮೀಟರ್ ಕನ್ನಡಿಯಿದ್ದರೂ ಅದರ ರೋಹಿತ (ಬಣ್ಣಗಳಾಗಿ ಬಿಡಿಸಿದ ಬೆಳಕು) ಹಿಡಿಯಲು ಕಷ್ಟಪಡಬೇಕು.

ಚಂಚಲ ನಕ್ಷತ್ರಗಳ ಪಟ್ಟಿಯಲ್ಲಿ ಇದರ ಮುಂದೆ ಬಹುಕಾಲ ‘ಮೈರಾ’, ಅಂದರೆ ಉಬ್ಬಿ ಕುಗ್ಗುವ ಕೆಂಪು ದೈತ್ಯ, ಎಂದೇ ಇತ್ತು. 1990ರ ದಶಕದ ಆರಂಭದಲ್ಲಿ ನಕ್ಷತ್ರ ಆಳಕ್ಕೆ ಮಬ್ಬಾದಾಗ ಸಂಶಯ ಹುಟ್ಟಿತು. 1994ರಲ್ಲಿ ಪ್ರಿಸಿಲ್ಲಾ ಬೆನ್ಸನ್, ಜೆಫ್ರಿ ಕ್ಲೇಟನ್, ಪೀಟರ್ ಗಾರ್ನಾವಿಚ್ ಮತ್ತು ಪೌಲಾ ಸ್ಕೋಡಿ ಅದರ ರೋಹಿತವನ್ನು ಮುಂದಿಟ್ಟು, ಇದು ಮೈರಾ ಅಲ್ಲ, ತನ್ನದೇ ಮಸಿಯಲ್ಲಿ ಆಗಾಗ ಮುಚ್ಚಿಹೋಗುವ ಆರ್ ಕೊರೋನೆ ಬೋರಿಯಾಲಿಸ್ (ಚಿಕ್ಕದಾಗಿ ಆರ್‌ಸಿಬಿ) ಬಗೆಯದು ಎಂದು ಪ್ರಕಟಿಸಿದರು. ಆರ್‌ಸಿಬಿ ಎಂದೊಡನೆ ಕನ್ನಡಿಗರ ಮನಸ್ಸು ಕ್ರಿಕೆಟ್ಟಿನ ಕಡೆ ಹೋಗುತ್ತದೆ. ಖಗೋಳ ವೀಕ್ಷಕರ ಬಾಯಲ್ಲಿ ಆ ಮೂರಕ್ಷರ ಈ ನಕ್ಷತ್ರಗಳದ್ದು, ಮುಂದೆ ಇಲ್ಲೂ ಹಾಗೆಯೇ ಬಳಸಿದ್ದೇವೆ. ಆಮೇಲಿನ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಅರುಣಾ ಗೋಸ್ವಾಮಿ ಮತ್ತು ಎನ್. ಕಾಮೇಶ್ವರ ರಾವ್, ಟೆಕ್ಸಾಸಿನ ಡೇವಿಡ್ ಲ್ಯಾಂಬರ್ಟ್ ಜೊತೆಗೂಡಿ, ಇದೇ ನಕ್ಷತ್ರದ ರೋಹಿತವನ್ನು ಇನ್ನಷ್ಟು ಬಿಡಿಸಿ ಅಧ್ಯಯನ ಮಾಡಿದರು.

ಈ ಪ್ರಕರಣದ ತೀರ್ಪು ನಿಂತಿರುವುದು ಬಹುಪಾಲು ರೋಹಿತದಲ್ಲಿ ಏನು ಇಲ್ಲ ಎಂಬುದರ ಮೇಲೆ. ಇರುವ ರೇಖೆಯನ್ನು ತೋರಿಸಲು ಒಂದು ಒಳ್ಳೆಯ ರೋಹಿತ ಸಾಕು. ಇಲ್ಲದ ರೇಖೆಯನ್ನು ‘ಇಲ್ಲ’ ಎನ್ನಬೇಕಾದರೆ, ಇದ್ದಿದ್ದರೆ ನಮ್ಮ ಉಪಕರಣಕ್ಕೆ ಅದು ಖಂಡಿತ ಕಾಣುತ್ತಿತ್ತು ಎಂದು ಮೊದಲು ತೋರಿಸಬೇಕು. ಇಡೀ ಕೆಲಸದ ಕಷ್ಟ ಇರುವುದು ಅಲ್ಲೇ.

ಮೈರಾ ಅನ್ನಿಸಿದ್ದೇಕೆ

ಮೈರಾಗಳು ಉಬ್ಬಿ ಕುಗ್ಗುವ ಕೆಂಪು ದೈತ್ಯಗಳು. ಆವರ್ತ ಕಾಲ 100ರಿಂದ 1000 ದಿನ, ಏರಿಳಿತ ಕನಿಷ್ಠ 2.5 ಕಾಂತಿಮಾನ. ಮೇಲ್ಮಿತಿ ಎಂಬುದೇನೂ ಇಲ್ಲ. ಹಂಸ ಮಂಡಲದ ಕೈ ಸಿಗ್ನಿ 3.3ರಿಂದ 14ರಾಚೆಗೆ ಇಳಿಯುತ್ತದೆ, ಅದೂ ಮೈರಾವೇ. ಹಾಗಾಗಿ ಎಂಟು ಕಾಂತಿಮಾನದ ಕುಸಿತ ಕಂಡ ಮಾತ್ರಕ್ಕೆ ಮೈರಾ ಅಲ್ಲ ಎನ್ನಲಾಗದು. ಹಳೆಯ ವರ್ಗೀಕರಣಗಳು ಬಹುಪಾಲು ಅಲ್ಲೊಂದು ಇಲ್ಲೊಂದು ಛಾಯಾಫಲಕದ ಮೇಲೆ ನಿಂತವು. ಒಂದು ಫಲಕದಲ್ಲಿ ಕೆಂಪಗೆ ಹೊಳೆಯುವ ನಕ್ಷತ್ರ, ಮುಂದಿನದರಲ್ಲಿ ಅದೇ ಜಾಗ ಖಾಲಿ. ಇಷ್ಟೇ ಕೈಯಲ್ಲಿದ್ದರೆ ಯಾರಿಗೇ ಆದರೂ ಮೊದಲು ಹೊಳೆಯುವುದು ಮೈರಾ.

ದಟ್ಟವಾದ ಕಾಂತಿರೇಖೆ, ಅಂದರೆ ದಿನದಿನದ ಕಾಂತಿಯನ್ನು ಗುರುತಿಸಿದ ನಕ್ಷೆ, ಸಿಕ್ಕಿದಾಗ ಚಿತ್ರ ಬೇರೆಯಾಗುತ್ತದೆ. ಆರ್‌ಸಿಬಿ ನಕ್ಷತ್ರ ವರ್ಷಗಟ್ಟಲೆ ಹೆಚ್ಚುಕಡಿಮೆ ಒಂದೇ ಕಾಂತಿಯಲ್ಲಿ ಇದ್ದು, ಹೇಳದೆ ಕೇಳದೆ ಕೆಲವೇ ವಾರಗಳಲ್ಲಿ ಕುಸಿಯುತ್ತದೆ. ಚೇತರಿಕೆ ಮಾತ್ರ ನಿಧಾನ, ತಿಂಗಳುಗಳು, ಕೆಲವೊಮ್ಮೆ ವರ್ಷಗಳು. ಉತ್ತರ ಕಿರೀಟ ಮಂಡಲದ ಆರ್ ಕೊರೋನೆ ಬೋರಿಯಾಲಿಸ್ ಹೀಗೆ ಮಬ್ಬಾಗುವುದನ್ನು ಎಡ್ವರ್ಡ್ ಪಿಗಟ್ 1795ರಲ್ಲೇ ಗುರುತಿಸಿದ್ದ. 2007ರಲ್ಲಿ ಕುಸಿದ ಅದು ಮತ್ತೆ 6ನೇ ಕಾಂತಿಮಾನದ ಕಡೆಗೆ ಬರಲು ಹಲವು ವರ್ಷ ಹಿಡಿಯಿತು. ಕಾರಣ ಉಬ್ಬಿ ಕುಗ್ಗುವುದಲ್ಲ, ಮಸಿ. ನಕ್ಷತ್ರದಿಂದ ಹೊರಬಿದ್ದ ಇಂಗಾಲ ತಣಿದು ಧೂಳಾಗಿ, ಆ ಧೂಳಿನ ಮೋಡ ನಮ್ಮ ದೃಷ್ಟಿಗೆ ಅಡ್ಡ ಬಂದಾಗ ನಕ್ಷತ್ರ ಮಬ್ಬಾಗುತ್ತದೆ. ಬೆಳಕು ಕಡಿಮೆಯಾದದ್ದಲ್ಲ, ಮುಚ್ಚಿಹೋದದ್ದು.

ಕಾಂತಿರೇಖೆಯೊಂದೇ ಸಾಲದೇ? ಸಾಲದು. ಇಂಗಾಲ ಮೈರಾಗಳೂ ಆಗಾಗ ಧೂಳು ಮುಚ್ಚಿಕೊಂಡು ಮಬ್ಬಾಗುತ್ತವೆ, ಮೊಲ ಮಂಡಲದ ಆರ್ ಲೆಪೋರಿಸ್ ಒಳ್ಳೆಯ ಉದಾಹರಣೆ. ಡಿವೈ ಪರ್ಸೈ ಬಗೆಯವು ಸುಮಾರು 3500 ಕೆಲ್ವಿನ್ನಿನ ತಣ್ಣನೆಯ ಇಂಗಾಲ ನಕ್ಷತ್ರಗಳು. ಅವೂ ಕುಸಿಯುತ್ತವೆ, ಆದರೆ ಇಳಿತ ಮತ್ತು ಏರು ಹೆಚ್ಚುಕಡಿಮೆ ಸಮಪಾಲು. ಅವಕೆಂಪಿನಲ್ಲಿ ಧೂಳಿನ ಹೊಳಪು ಹುಡುಕುತ್ತೇನೆಂದರೆ, ಆರ್‌ಸಿಬಿಗಳ ಸುತ್ತ 600–900 ಕೆಲ್ವಿನ್ನಿನ ಧೂಳು ಇರುವುದು ನಿಜ, ಮೈರಾಗಳ ಸುತ್ತಲೂ ಧೂಳಿದೆ. ಆರ್‌ಸಿಬಿಯನ್ನು ಉಳಿದೆಲ್ಲದರಿಂದ ಬೇರೆ ಮಾಡುವುದು ಅದರ ವಾತಾವರಣದ ಸಾಮಗ್ರಿ. ಅಲ್ಲಿ ಜಲಜನಕ ಹೆಸರಿಗಷ್ಟೇ ಉಳಿದಿದೆ, ಬಹುಪಾಲು ಹೀಲಿಯಂ, ಮೇಲೆ ಇಂಗಾಲ. ಅದನ್ನು ರೋಹಿತದಲ್ಲಿ ಬಿಟ್ಟು ಬೇರೆಲ್ಲೂ ಓದಲಾಗದು.

ಮೊದಲ ಜರಡಿ: ಟೈಟಾನಿಯಂ ಆಕ್ಸೈಡೋ, ಇಂಗಾಲವೋ

ಮೊದಲ ಪ್ರಶ್ನೆ ಸುಲಭದ್ದು, ಸಣ್ಣ ಉಪಕರಣವೂ ಉತ್ತರಿಸಬಲ್ಲದು. ಸಾಮಾನ್ಯ ಮೈರಾದ ವಾತಾವರಣದಲ್ಲಿ ಇಂಗಾಲಕ್ಕಿಂತ ಆಮ್ಲಜನಕ ಹೆಚ್ಚು. ಆದ್ದರಿಂದ ಅಲ್ಲಿ ಟೈಟಾನಿಯಂ ಆಕ್ಸೈಡಿನ ಪಟ್ಟಿಗಳು: 4954, 5167, 5448, 6159, 7054 ಆಂಗ್‌ಸ್ಟ್ರಾಂ (ತರಂಗಾಂತರದ ಅಳತೆ, ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು; ಮುಂದಿನ ಇಂಥ ಸಂಖ್ಯೆಗಳೂ ಇದರಲ್ಲೇ). ಇಂಗಾಲ ಹೆಚ್ಚಿರುವ ನಕ್ಷತ್ರದಲ್ಲಿ ಇಂಗಾಲದ ಎರಡು ಪರಮಾಣು ಸೇರಿದ ಅಣುವಿನ ಪಟ್ಟಿಗಳು, ಸ್ವಾನ್ ಪಟ್ಟಿಗಳೆಂದು ಹೆಸರು: 4737, 5165, 5636.

ಸಂಖ್ಯೆಗಳ ಎರಡು ಸಾಲಿನಲ್ಲೂ 5165–5167 ಇರುವುದನ್ನು ಗಮನಿಸಿ. ಹೊಸಬರು ಎಡವುವುದು ಇಲ್ಲೇ. 100 ಗೆರೆ ಪ್ರತಿ ಮಿಲಿಮೀಟರಿನ ಸ್ಟಾರ್ ಅನಲೈಸರ್ ಎಂಬ ಬೆಳಕು ಬಿಡಿಸುವ ಜಾಲಕವನ್ನು ಸಂವೇದಕಕ್ಕೆ 60 ಮಿ.ಮೀ. ಮುಂದೆ ಇಟ್ಟು, ಪಿಕ್ಸೆಲ್ 3.75 ಮೈಕ್ರಾನ್ ಇದ್ದರೆ, ಒಂದು ಪಿಕ್ಸೆಲ್ಲಿಗೆ 6.25 ಆಂಗ್‌ಸ್ಟ್ರಾಂ ಬೀಳುತ್ತದೆ. ನಕ್ಷತ್ರದ ಬಿಂಬ ಐದು ಪಿಕ್ಸೆಲ್ ಅಗಲ ಹರಡಿದರೆ 30 ಆಂಗ್‌ಸ್ಟ್ರಾಂಗಿಂತ ಸೂಕ್ಷ್ಮವಾದದ್ದೇನೂ ಕಾಣುವುದಿಲ್ಲ. ಎರಡು ಆಂಗ್‌ಸ್ಟ್ರಾಂ ವ್ಯತ್ಯಾಸವನ್ನು ಅಳೆದು ಹೇಳುವ ಮಾತೇ ಇಲ್ಲ. ಆದರೆ ಅಳೆಯಬೇಕಾಗಿಯೂ ಇಲ್ಲ, ಪಟ್ಟಿಯ ಇಳಿಜಾರು ಯಾವ ಕಡೆಗಿದೆ ನೋಡಿದರೆ ಸಾಕು. ಇಂಗಾಲದ ಪಟ್ಟಿಯಲ್ಲಿ ಕಡಿದಾದ ಗೋಡೆ ಕೆಂಪಿನ ಕಡೆಗೆ, ಅಲ್ಲಿಂದ ನೀಲಿಯ ಕಡೆಗೆ ಬೆಳಕು ಮೆಲ್ಲಗೆ ಏರುತ್ತದೆ. ಟೈಟಾನಿಯಂ ಆಕ್ಸೈಡಿನಲ್ಲಿ ಅದರ ತದ್ವಿರುದ್ಧ: ಗೋಡೆ ನೀಲಿಯ ಕಡೆ, ಇಳಿಜಾರು ಕೆಂಪಿನ ಕಡೆ. ಎರಡು ರೋಹಿತಗಳನ್ನು ಒಂದರ ಕೆಳಗೊಂದು ಇಟ್ಟರೆ ಎದುರುಬದುರು ನಿಂತ ಗರಗಸದ ಹಲ್ಲುಗಳಂತೆ ಕಾಣುತ್ತವೆ. ಒಮ್ಮೆ ಕಂಡವರು ಮತ್ತೆ ಮರೆಯುವುದಿಲ್ಲ.

ಝೆಡ್ ಉರ್ಸೆ ಮೈನೋರಿಸ್‌ನಲ್ಲಿ ಗೋಡೆ ಕೆಂಪಿನ ಕಡೆಗಿದೆ, 4737 ಮತ್ತು 5636ರಲ್ಲೂ ಅದೇ ಗರಗಸ. ಆಮ್ಲಜನಕ ಮೈರಾ ಎಂಬ ಸಾಧ್ಯತೆ ಇಲ್ಲಿಗೇ ಮುಗಿಯಿತು. ಆಮ್ಲಜನಕ ಮೈರಾಗೆ ಇನ್ನೊಂದು ಗುರುತೂ ಇದೆ: ಗರಿಷ್ಠ ಕಾಂತಿಯ ಸುತ್ತಮುತ್ತ ಜಲಜನಕದ ರೇಖೆಗಳು ಉತ್ಸರ್ಜನದಲ್ಲಿ ಹೊಳೆಯುತ್ತವೆ, ಅದರಲ್ಲೂ ಎಚ್-ಡೆಲ್ಟಾ ಉಳಿದವನ್ನು ಮೀರಿ ಹೊಳೆಯುತ್ತದೆ. ಎಚ್-ಆಲ್ಫಾ, ಎಚ್-ಬೀಟಾಗಳನ್ನು ಮೇಲಿನ ಟೈಟಾನಿಯಂ ಆಕ್ಸೈಡು ತಿಂದುಹಾಕುವುದೇ ಕಾರಣ. ಆ ಗುರುತೂ ಇಲ್ಲಿಲ್ಲ.

ಬಹಳ ಮಂದಿ ಇಷ್ಟಕ್ಕೆ ನಿಲ್ಲಿಸಿ ‘ಇಂಗಾಲ ಇದೆ, ಕುಸಿದಿದೆ, ಆದ್ದರಿಂದ ಆರ್‌ಸಿಬಿ’ ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಇಂಗಾಲ ಮೈರಾ, ಡಿವೈ ಪರ್ಸೈ, ಸಾಮಾನ್ಯ ಇಂಗಾಲ ದೈತ್ಯ, ಈ ಮೂರೂ ಇನ್ನೂ ಸಾಲಿನಲ್ಲಿ ನಿಂತಿವೆ. ಮೊದಲ ಜರಡಿ ಅವನ್ನು ಸೋಸುವುದೇ ಇಲ್ಲ.

ಎರಡನೇ ಜರಡಿ: ಮೂರು ಗೈರುಹಾಜರಿ

ಇಲ್ಲಿ ನೋಡಬೇಕಾದದ್ದು ಮೂರು ಕಡೆ. ಜಲಜನಕದ ಬಾಮರ್ ರೇಖೆಗಳು (ಎಚ್-ಆಲ್ಫಾ 6563, ಎಚ್-ಬೀಟಾ 4861). ಇಂಗಾಲ-ಜಲಜನಕ ಅಣುವಿನ ಪಟ್ಟಿ, ಜಿ ಪಟ್ಟಿ ಎಂದು ಕರೆಯುವುದು, 4300ರ ಆಸುಪಾಸು. ಮತ್ತೆ ಇಂಗಾಲ-13, ಅಂದರೆ ಸಾಮಾನ್ಯ ಇಂಗಾಲ-12ಕ್ಕಿಂತ ತುಸು ಭಾರದ ಇಂಗಾಲ.

ಜಲಜನಕ ಇಲ್ಲದ್ದನ್ನು ಎಚ್-ಆಲ್ಫಾದಿಂದಲೇ ತೋರಿಸುವುದು ನೇರ ದಾರಿ ಅನ್ನಿಸುತ್ತದೆ. ನಮ್ಮ ಅಭಿಪ್ರಾಯದಲ್ಲಿ ಮೂರರಲ್ಲಿ ಅತ್ಯಂತ ದುರ್ಬಲ ಸಾಕ್ಷಿ ಅದೇ. 3000 ಕೆಲ್ವಿನ್ನಿನ ಇಂಗಾಲ ನಕ್ಷತ್ರದಲ್ಲಿ ಜಲಜನಕ ತುಂಬಿ ತುಳುಕುತ್ತಿದ್ದರೂ ಎಚ್-ಆಲ್ಫಾ ಕ್ಷೀಣ, ಏಕೆಂದರೆ ಆ ರೇಖೆ ಮೂಡಲು ಬೇಕಾದಷ್ಟು ಬಿಸಿ ಅಲ್ಲಿಲ್ಲ. ಸಾಲದ್ದಕ್ಕೆ ಸಯನೋಜನ್ (ಇಂಗಾಲ-ಸಾರಜನಕ ಅಣು) ಪಟ್ಟಿಗಳು ಆ ಜಾಗವನ್ನು ಕೆದರಿಟ್ಟಿರುತ್ತವೆ, ನಮ್ಮದೇ ಗಾಳಿಯ ನೀರಾವಿಯ ರೇಖೆಗಳು 6480ರಿಂದ 6600ರವರೆಗೆ ಚುಕ್ಕೆ ಇಟ್ಟಂತೆ ಹರಡಿರುತ್ತವೆ. ಝೆಡ್ ಉರ್ಸೆ ಮೈನೋರಿಸ್‌ನ ಉಷ್ಣತೆ 5000 ಕೆಲ್ವಿನ್ ಆಸುಪಾಸು. ಆ ಬಿಸಿಯಲ್ಲಿ ಸಾಮಾನ್ಯ ದೈತ್ಯನಿಗೆ ಎಚ್-ಆಲ್ಫಾ ಎದ್ದು ಕಾಣಲೇಬೇಕು, ಇಲ್ಲಿ ಕಾಣುವುದಿಲ್ಲ. ಉಷ್ಣತೆ ಗೊತ್ತಾದ ಮೇಲಷ್ಟೇ ಈ ಗೈರುಹಾಜರಿಗೆ ಅರ್ಥ. ಇನ್ನೂ ಬಿಸಿಯಾದ ಆರ್‌ಸಿಬಿಗಳಲ್ಲಿ 6588ರಲ್ಲಿ ಇಂಗಾಲ ಪರಮಾಣುವಿನ ರೇಖೆ ಪಕ್ಕದ 6563ಕ್ಕಿಂತ ಗಾಢವಾಗಿರುವುದುಂಟು, ಅಲ್ಲಿ ಎಚ್-ಆಲ್ಫಾ ಸಾಕ್ಷಿ ಗಟ್ಟಿ.

ಜಿ ಪಟ್ಟಿ ಹೆಚ್ಚು ನಂಬಿಕಸ್ಥ. ಇಂಗಾಲ ಯಥೇಚ್ಛವಾಗಿದ್ದೂ ಇಂಗಾಲ-ಜಲಜನಕ ಅಣು ಇಲ್ಲವೆಂದರೆ ಕೊರತೆ ಜಲಜನಕದ್ದೇ, ಬೇರೆ ವಿವರಣೆ ಸುಲಭಕ್ಕೆ ಸಿಗದು. ತೊಂದರೆ ಒಂದೇ. 4300ರ ಬಳಿ ಇಂಥ ನಕ್ಷತ್ರಗಳ ಬೆಳಕು ಕಡಿಮೆ, ಕ್ಯಾಮೆರಾದ ಸಂವೇದನೆಯೂ ಇಳಿಮುಖ.

ಮೂರನೆಯದನ್ನು ತುಸು ಹತ್ತಿರದಿಂದ ನೋಡೋಣ. ಸ್ವಾನ್ ಪಟ್ಟಿಯ 4737 ಎಂಬುದು ಎರಡೂ ಪರಮಾಣು ಇಂಗಾಲ-12 ಆದಾಗಿನ ಜಾಗ. ಒಂದು ಪರಮಾಣು ಇಂಗಾಲ-13 ಆದರೆ ಅಣು ತುಸು ಭಾರವಾಗಿ, ನಿಧಾನವಾಗಿ ಕಂಪಿಸಿ, ಪಟ್ಟಿಯ ತಲೆ (ಕಡಿದಾದ ಗೋಡೆ) 4744ಕ್ಕೆ ಸರಿಯುತ್ತದೆ. ಎರಡೂ ಇಂಗಾಲ-13 ಆದರೆ 4752. ಜಲಜನಕ ಉರಿಯುವ ಪದರದಲ್ಲಿ ಇಂಗಾಲ-12ರ ಒಂದು ಪಾಲು ಇಂಗಾಲ-13 ಆಗಿ ಬದಲಾಗುವುದರಿಂದ ಸಾಮಾನ್ಯ ಇಂಗಾಲ ನಕ್ಷತ್ರಗಳಲ್ಲಿ 4744 ಒಂದಿಷ್ಟಾದರೂ ಇದ್ದೇ ಇರುತ್ತದೆ. ಆರ್‌ಸಿಬಿಯ ಇಂಗಾಲ ಹೀಲಿಯಂ ಉರಿದು ಬಂದದ್ದು, ಜಲಜನಕದ ಸಂಗ ಕಾಣದ್ದು. ಅಲ್ಲಿ 4744 ಸಿಗುವುದಿಲ್ಲ. ಝೆಡ್ ಉರ್ಸೆ ಮೈನೋರಿಸ್‌ನಲ್ಲೂ ಸಿಗಲಿಲ್ಲ.

ಎರಡು ತಲೆಗಳ ನಡುವಿನ ಅಂತರ 7 ಆಂಗ್‌ಸ್ಟ್ರಾಂ. ಉಪಕರಣದ ಆಯ್ಕೆಯೆಲ್ಲ ಈ ಒಂದು ಸಂಖ್ಯೆಯ ಮೇಲೆ. ಪೃಥಕ್ಕರಣ ಸಾಮರ್ಥ್ಯ (ತರಂಗಾಂತರವನ್ನು ಬಿಡಿಸಬಲ್ಲ ಅತಿ ಸಣ್ಣ ಅಂತರದಿಂದ ಭಾಗಿಸಿದ ಸಂಖ್ಯೆ) 600ರ ಆಲ್ಪಿ ಮಾದರಿಯ ರೋಹಿತಲೇಖಿ 4740ರ ಬಳಿ ಸುಮಾರು 8 ಆಂಗ್‌ಸ್ಟ್ರಾಂ ಬಿಡಿಸುತ್ತದೆ. ಅಂದರೆ 4744 ಇದ್ದರೂ ಅದು 4737ರ ಗೋಡೆಯ ಬುಡದಲ್ಲಿ ಒಂದು ಉಬ್ಬಾಗಿ ಕಂಡೀತು, ಕಾಣದೆಯೂ ಹೋದೀತು. ಅದರಿಂದ ‘ಇಂಗಾಲ-13 ಇಲ್ಲ’ ಎಂದು ಬರೆಯುವುದು ನ್ಯಾಯವಲ್ಲ. ಸಾಮರ್ಥ್ಯ 1000ರ ಲಿಸಾ ಮಾದರಿಯಲ್ಲಿ 4.7 ಆಂಗ್‌ಸ್ಟ್ರಾಂ, ಸಾಕು ಸಾಕೆನ್ನುವಷ್ಟು. ಲಡಾಖಿನ ಹಾನ್ಲೆಯ ಎರಡು ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕದ ಎಚ್‌ಎಫ್‌ಒಎಸ್‌ಸಿ ಉಪಕರಣದಲ್ಲಿ ಗ್ರಿಸಂ 7 (ಪ್ರಿಸಂ ಮತ್ತು ಜಾಲಕ ಸೇರಿದ ಭಾಗ) ಹಾಕಿದರೆ ಸಾಮರ್ಥ್ಯ 1330ರ ಹತ್ತಿರ, 3.6 ಆಂಗ್‌ಸ್ಟ್ರಾಂ. ಅಲ್ಲಿ ಎರಡು ತಲೆಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ.

ತಯಾರಕರು ಕೊಟ್ಟ ಸಂಖ್ಯೆಯನ್ನು ನಂಬಿ ಕೂರಬೇಡಿ. ತರಂಗಾಂತರದ ಅಳತೆಗೆ ಬಳಸುವ ಕಬ್ಬಿಣ-ಆರ್ಗಾನ್ ದೀಪದ ರೋಹಿತದಲ್ಲಿ 4726.9 ಮತ್ತು 4735.9ರಲ್ಲಿ ಆರ್ಗಾನಿನ ಎರಡು ರೇಖೆಗಳಿವೆ, ನಡುವೆ 9 ಆಂಗ್‌ಸ್ಟ್ರಾಂ. ಅವು ಕಣಿವೆ ಬಿಟ್ಟು ಸ್ಪಷ್ಟವಾಗಿ ಎರಡಾಗಿ ನಿಂತು, ಒಂದೊಂದರ ಅರ್ಧ ಎತ್ತರದ ಅಗಲ 5 ಆಂಗ್‌ಸ್ಟ್ರಾಂ ಒಳಗೆ ಬಂದರೆ 4744ರ ಬಗ್ಗೆ ಮಾತಾಡುವ ಹಕ್ಕು ನಿಮಗಿದೆ. ಅಳೆಯುವುದನ್ನು ಅಲ್ಲೇ ಅಳೆಯಬೇಕು. ಫೋಕಸನ್ನು 5500ರ ಹಸಿರಿನಲ್ಲಿ ಸರಿಮಾಡಿ, ಮಸೂರಗಳ ವರ್ಣದೋಷದಿಂದ 4700ರಲ್ಲಿ ರೇಖೆಗಳು ದಪ್ಪಗಾಗಿದ್ದನ್ನು ನೋಡದೆ ಹೋಗುವುದು ಮತ್ತೆ ಮತ್ತೆ ಕಾಣುವ ತಪ್ಪು.

ಯಾವ ಒಂದು ಗೈರುಹಾಜರಿಯೂ ಒಂಟಿಯಾಗಿ ತೀರ್ಪು ಕೊಡದು. ವಿ854 ಸೆಂಟಾರಿ ನಿಸ್ಸಂಶಯವಾಗಿ ಆರ್‌ಸಿಬಿ, ಆದರೂ ಅದರಲ್ಲಿ ಜಲಜನಕದ ರೇಖೆಗಳು ಕಾಣುತ್ತವೆ. ವಿ ಕೊರೋನೆ ಆಸ್ಟ್ರಾಲಿಸ್‌ನಲ್ಲಿ ಇಂಗಾಲ-13 ಇದೆ. ಝೆಡ್ ಉರ್ಸೆ ಮೈನೋರಿಸ್ ಪ್ರಕರಣ ಗಟ್ಟಿಯಾದದ್ದು ಮೂರೂ ಒಟ್ಟಿಗೆ ಗೈರಾಗಿದ್ದರಿಂದ, ಜೊತೆಗೆ ಕಾಂತಿರೇಖೆಯ ಕುಸಿತ ಅದಕ್ಕೆ ಹೊಂದಿದ್ದರಿಂದ.

ರಾತ್ರಿಯ ಕೆಲಸ

ಮೊದಲ ನಿರ್ಧಾರ ಯಾವ ಊರಿನಿಂದ ಎಂಬುದು. ಬೆಂಗಳೂರಿನ ಅಕ್ಷಾಂಶದಲ್ಲಿ ಈ ನಕ್ಷತ್ರ ಎಷ್ಟೇ ಮೇಲೇರಿದರೂ ದಿಗಂತದಿಂದ 20 ಡಿಗ್ರಿ ದಾಟುವುದಿಲ್ಲ. ನೆತ್ತಿಯ ಮೇಲಿನದಕ್ಕೆ ಹೋಲಿಸಿದರೆ ಬೆಳಕು ಸುಮಾರು ಮೂರು ಪಟ್ಟು ಗಾಳಿ ದಾಟಿ ಬರಬೇಕು. ಆ ಎತ್ತರದಲ್ಲಿ ವಾತಾವರಣವೇ ಪ್ರಿಸಂ ಆಗಿ 4300 ಮತ್ತು 6563ರ ಬಿಂಬಗಳನ್ನು ಎರಡೂವರೆ ಆರ್ಕ್ ಸೆಕೆಂಡ್ ದೂರ ಸರಿಸುತ್ತದೆ. ಎರಡು ಆರ್ಕ್ ಸೆಕೆಂಡಿನ ಸೀಳುಗಂಡಿ ಇಟ್ಟರೆ ಕೆಂಪು ಒಳಗೆ, ನೀಲಿ ಹೊರಗೆ. ಜಿ ಪಟ್ಟಿ ಇರಬೇಕಾದ ಜಾಗದಲ್ಲಿ ಬೆಳಕೇ ಇಲ್ಲದೆ ಹೋಗುತ್ತದೆ, ನೋಡಿದವರು ನಕ್ಷತ್ರದ ಗುಣವೆಂದು ತಿಳಿದಾರು. ತಮಿಳುನಾಡಿನ ಕಾವಲೂರು ವೀಕ್ಷಣಾಲಯದ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ಹಾನ್ಲೆಯಿಂದ ಅದೇ ನಕ್ಷತ್ರ ಸುಮಾರು 40 ಡಿಗ್ರಿಗೆ ಏರುತ್ತದೆ, ಅಲ್ಲಿಂದ ವರ್ಷವಿಡೀ ಅದು ಮುಳುಗುವುದೇ ಇಲ್ಲ. 4500 ಮೀಟರ್ ಎತ್ತರದ ತೆಳು ಗಾಳಿಯಲ್ಲಿ ಅದೇ ಸರಿತ ಮುಕ್ಕಾಲು ಆರ್ಕ್ ಸೆಕೆಂಡ್ ಮಾತ್ರ. ಆ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಹೊರವಲಯದ ಹೊಸಕೋಟೆಯ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ. ಹೀಗಾಗಿ ಕರ್ನಾಟಕದಲ್ಲಿ ಕೂತು ಈ ನಕ್ಷತ್ರ ನೋಡುವುದಾದರೆ ಸರಿಯಾದ ದಾರಿ ಲಡಾಖಿನ ಮೇಲೆ ಹಾದುಹೋಗುತ್ತದೆ. ಎಲ್ಲೇ ಆಗಲಿ, ಸೀಳುಗಂಡಿಯನ್ನು ದಿಗಂತಕ್ಕೆ ಲಂಬವಾಗಿ ನಿಲ್ಲಿಸಿ. ಆಗ ಬಣ್ಣಗಳು ಗಂಡಿಯ ಉದ್ದಕ್ಕೆ ಸರಿಯುತ್ತವೆ, ಹೊರಗೆ ಚೆಲ್ಲುವುದಿಲ್ಲ.

ಎಷ್ಟು ಹೊತ್ತು ಬೆಳಕು ಹಿಡಿಯಬೇಕು? ಕೈಲೆಕ್ಕ ಹಾಕಬಹುದು. 0 ಕಾಂತಿಮಾನದ ನಕ್ಷತ್ರದಿಂದ ಹಸಿರಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ, ಪ್ರತಿ ಆಂಗ್‌ಸ್ಟ್ರಾಂಗೆ, ಸೆಕೆಂಡಿಗೆ ಸುಮಾರು 1000 ಫೋಟಾನ್. 11ನೇ ಕಾಂತಿಮಾನಕ್ಕೆ ಅದು 0.04. 20 ಸೆಂ.ಮೀ. ದೂರದರ್ಶಕ, ನಡುವಿನ ಕಿರುಕನ್ನಡಿಯ ನೆರಳು ಕಳೆದು 270 ಚದರ ಸೆಂ.ಮೀ. ಗಾಳಿ, ಗಂಡಿ, ಜಾಲಕ, ಸಂವೇದಕ ಎಲ್ಲ ದಾಟಿ ಹತ್ತರಲ್ಲೊಂದು ಪಾಲು ಉಳಿದರೆ ಸೆಕೆಂಡಿಗೆ ಪ್ರತಿ ಆಂಗ್‌ಸ್ಟ್ರಾಂಗೆ ಒಂದು ಫೋಟಾನ್ ಚಿಲ್ಲರೆ. ಒಂದು ಗಂಟೆ ಹಿಡಿದರೆ, 9 ಆಂಗ್‌ಸ್ಟ್ರಾಂ ಅಗಲದ ತುಂಡಿಗೆ ಸುಮಾರು 35,000. ಸಂಕೇತ-ಗದ್ದಲ ಅನುಪಾತ (ನಿಜ ಬೆಳಕು ಅದರ ಏರುಪೇರಿನ ಎಷ್ಟು ಪಟ್ಟು ಎಂಬುದು) 180ರ ಹತ್ತಿರ, ಕೇಳಲು ಚೆನ್ನಾಗಿದೆ. ಆದರೆ ಅದು ಹಸಿರಿನ ಲೆಕ್ಕ. 4740ರ ಬಳಿ ಬೆಳಕು ಕಾಲು ಭಾಗಕ್ಕೆ ಇಳಿಯಿತು ಎನ್ನಿ, ಪಟ್ಟಿಯ ತಳದಲ್ಲಿ ಅದರ ಐದರಲ್ಲೊಂದು ಎನ್ನಿ, ಉಳಿಯುವುದು 1700 ಫೋಟಾನ್, ಅನುಪಾತ 40. ನೋಡಬೇಕಾದ ಜಾಗವೇ ಇಡೀ ರೋಹಿತದಲ್ಲಿ ಕತ್ತಲೆಯ ಜಾಗ. ಆದ್ದರಿಂದ ಹಿಡಿಯುವ ಹೊತ್ತನ್ನು ಅಲ್ಲಿನ ಲೆಕ್ಕದಿಂದ ನಿರ್ಧರಿಸಿ: 10 ನಿಮಿಷದ ಆರು ತುಂಡುಗಳು ಕನಿಷ್ಠ, ಹನ್ನೆರಡಾದರೆ ಒಳ್ಳೆಯದು. ಎರಡು ಮೀಟರ್ ಕನ್ನಡಿಯಲ್ಲಿ 5 ನಿಮಿಷದ ಮೂರು ಚಿತ್ರ ಧಾರಾಳ. ಮೂರು ಬೇಕೇ ಬೇಕು, ಕಾಸ್ಮಿಕ್ ಕಿರಣದ ಒಂದು ಚುಕ್ಕೆ 4744ರಲ್ಲಿ ಬಿದ್ದರೂ ಸಾಕು ಕೆಡಲಿಕ್ಕೆ.

ಅದೇ ರಾತ್ರಿ, ಅದೇ ಗಂಡಿ, ಅದೇ ಫೋಕಸ್ಸಿನಲ್ಲಿ ಹೋಲಿಕೆಗೆ ಮೂರು ನಕ್ಷತ್ರಗಳನ್ನು ಹಿಡಿಯಬೇಕು. ಇದನ್ನು ಬಿಟ್ಟವರ ರೋಹಿತ ಎಷ್ಟೇ ಚೆಂದವಿರಲಿ, ಗೈರುಹಾಜರಿಯ ವಾದ ನಿಲ್ಲುವುದಿಲ್ಲ. ಒಂದನೆಯದು ವೈ ಕ್ಯಾನಮ್ ವೆನಾಟಿಕೋರಮ್: ಇಂಗಾಲ-13 ತುಂಬಿದ ನಕ್ಷತ್ರ, 4744 ಅಲ್ಲಿ ಢಾಳಾಗಿ ಇದೆ. ನಿಮ್ಮ ಉಪಕರಣ ಅದರಲ್ಲೂ 4744 ತೋರಿಸದಿದ್ದರೆ, ಝೆಡ್‌ನಲ್ಲಿ ಅದು ಕಾಣದ್ದಕ್ಕೆ ಬೆಲೆಯಿಲ್ಲ. ಎರಡನೆಯದು ಎಚ್‌ಡಿ 182040, 7ನೇ ಕಾಂತಿಮಾನ, ಜಲಜನಕ ಕೊರತೆಯ ಇಂಗಾಲ ನಕ್ಷತ್ರಗಳಲ್ಲಿ ಬಹಳ ಹಿಂದೆಯೇ ಗುರುತಿಸಲ್ಪಟ್ಟದ್ದು, ಮಬ್ಬಾಗುವ ಅಭ್ಯಾಸವಿಲ್ಲದ್ದು. ಝೆಡ್‌ನ ರೋಹಿತ ಇದನ್ನೇ ಹೋಲಬೇಕು. ಆರ್ ಕೊರೋನೆ ಬೋರಿಯಾಲಿಸ್ಸನ್ನೇ ಹೋಲಿಕೆಗೆ ಇಟ್ಟುಕೊಳ್ಳೋಣ ಅನ್ನಿಸಬಹುದು, ಬೇಡ. ಅದು 7000 ಕೆಲ್ವಿನ್ ಹತ್ತಿರದ ಬಿಸಿ ನಕ್ಷತ್ರ, ಸ್ವಾನ್ ಪಟ್ಟಿಗಳು ಅಲ್ಲಿ ತೆಳು. ಮೂರನೆಯದು 30 ಹರ್ಕ್ಯುಲಿಸ್, ಟೈಟಾನಿಯಂ ಆಕ್ಸೈಡಿನ ಗರಗಸ ನೋಡಲು. ಮೇ ತಿಂಗಳ ಒಂದೇ ರಾತ್ರಿಯಲ್ಲಿ ಈ ಮೂರೂ ಸಿಗುತ್ತವೆ, ಎಚ್‌ಡಿ 182040ಕ್ಕೆ ಮಾತ್ರ ನಡುರಾತ್ರಿ ದಾಟಬೇಕು.

ಇವುಗಳ ಜೊತೆ ಡೆಲ್ಟಾ ಉರ್ಸೆ ಮೈನೋರಿಸ್. ಇದು 4.4 ಕಾಂತಿಮಾನದ ಎ1 ಬಗೆಯ ಬಿಳಿ ನಕ್ಷತ್ರ, ಝೆಡ್‌ನಿಂದ ಐದು ಡಿಗ್ರಿಯೊಳಗೆ. ಇದು ಮೂರು ಕೆಲಸ ಮಾಡಿಕೊಡುತ್ತದೆ: ಗಾಳಿಯ ನೀರಾವಿ ಮತ್ತು ಆಮ್ಲಜನಕದ ಗುರುತು ಎಲ್ಲಿ ಬೀಳುತ್ತದೆಂದು ತೋರಿಸುತ್ತದೆ, ಉಪಕರಣದ ಬಣ್ಣವಾರು ಸಂವೇದನೆಯನ್ನು ಸರಿಪಡಿಸಲು ನೆರವಾಗುತ್ತದೆ, ಮತ್ತು ತನ್ನ ಎಚ್-ಬೀಟಾ 4861.3, ಎಚ್-ಗಾಮಾ 4340.5 ರೇಖೆಗಳಿಂದ ತರಂಗಾಂತರದ ಅಳತೆಗೋಲು ಸರಿಯಿದೆಯೇ ಎಂದು ಪರೀಕ್ಷಿಸಿ ಕೊಡುತ್ತದೆ.

ಸಂಸ್ಕರಣೆಯಲ್ಲಿ ಕೈಕೊಡುವ ಜಾಗಗಳು

ಬಯಾಸ್, ಡಾರ್ಕ್, ಫ್ಲ್ಯಾಟ್ ಎಂಬ ಕ್ಯಾಮೆರಾ ತಿದ್ದುಪಡಿಗಳು ಎಂದಿನಂತೆ, ಹೇಳುವಂಥದ್ದೇನಿಲ್ಲ. ತರಂಗಾಂತರದ ಅಳತೆಗೋಲು ಮಾತ್ರ ಇಲ್ಲಿ ಜೀವಾಳ. ಬರಿ ನಿಯಾನ್ ದೀಪ ಬಳಸಿದರೆ ಕೆಂಪಿನಲ್ಲಿ ರೇಖೆಗಳ ಜಾತ್ರೆ, 5300ರ ಕೆಳಗೆ ಗಟ್ಟಿ ರೇಖೆಗಳೇ ಅಪರೂಪ. ಕೆಂಪಿನಲ್ಲಿ ಕೂಡಿಸಿದ ಬಹುಪದಿ ನೀಲಿಯಲ್ಲಿ ಮೂರ್ನಾಲ್ಕು ಆಂಗ್‌ಸ್ಟ್ರಾಂ ಆಚೀಚೆ ವಾಲುತ್ತದೆ. ಅಂಥ ಅಳತೆಗೋಲಿನಲ್ಲಿ 4737 ಯಾವುದು, 4744 ಯಾವುದು? ಕಬ್ಬಿಣ-ಆರ್ಗಾನ್ ಅಥವಾ ಆರ್ಗಾನ್-ನಿಯಾನ್ ದೀಪ ಬೇಕು, ನಕ್ಷತ್ರದ ಮೊದಲೂ ಆಮೇಲೂ ಒಮ್ಮೊಮ್ಮೆ. ನಕ್ಷತ್ರದ ಸ್ವಂತ ಚಲನೆಯ ಪಾಲು ಇಲ್ಲಿ ಸಣ್ಣದು, ಸೆಕೆಂಡಿಗೆ 50 ಕಿ.ಮೀ. ವೇಗಕ್ಕೆ 0.8 ಆಂಗ್‌ಸ್ಟ್ರಾಂ.

ಎರಡನೆಯದು, ಮೃದು ವಕ್ರ ಕೂಡಿಸಿ ರೋಹಿತವನ್ನು ಅದರಿಂದ ಭಾಗಿಸುವ ಅಭ್ಯಾಸ. ಬಿಳಿ ನಕ್ಷತ್ರಗಳಿಗೆ ಅದು ಸರಿ. ಇಂಗಾಲ ನಕ್ಷತ್ರದ ನೀಲಿ ಭಾಗದಲ್ಲಿ ಪಟ್ಟಿಯಿಲ್ಲದ ನಿಜವಾದ ಸಮತಟ್ಟೇ ಇಲ್ಲ. ತಂತ್ರಾಂಶ ಪಟ್ಟಿಯ ಒಳಗೇ ವಕ್ರ ಇಳಿಸಿ, ಅದರಿಂದ ಭಾಗಿಸಿ, 300 ಆಂಗ್‌ಸ್ಟ್ರಾಂ ಅಗಲದ ಗುಂಡಿಯನ್ನು ನೆಲಸಮ ಮಾಡಿಬಿಡುತ್ತದೆ. ಗರಗಸದ ಹಲ್ಲು ಕರಗಿ ಹೋಗುತ್ತದೆ. ಸಂವೇದನೆಯನ್ನಷ್ಟೇ ತಿದ್ದಿ, 5700ರ ಸುತ್ತಲಿನ ಒಂದು ಜಾಗದಲ್ಲಿ ನಾಲ್ಕೂ ನಕ್ಷತ್ರಗಳ ಎತ್ತರ ಸಮ ಮಾಡಿ, ಹಾಗೆಯೇ ಒಂದರ ಮೇಲೊಂದು ಇಟ್ಟು ನೋಡುವುದು ಉತ್ತಮ.

ಮೂರನೆಯದು ಆಕಾಶದ ಬೆಳಕು. ಊರ ದೀಪಗಳ ಪಾದರಸ 5461ರಲ್ಲಿ, ಸೋಡಿಯಂ 5890–5896ರಲ್ಲಿ. ಗಂಡಿಯ ಎರಡೂ ಬದಿಯ ಆಕಾಶ ಕಳೆಯುವಾಗ ಒಂದು ಬದಿಯಲ್ಲಿ ಪಕ್ಕದ ನಕ್ಷತ್ರ ಸಿಕ್ಕಿಕೊಂಡರೆ ಸೋಡಿಯಂ ರೇಖೆ ಅರ್ಧಂಬರ್ಧ ಉಳಿಯುತ್ತದೆ. ನಕ್ಷತ್ರ ಹೊಳೆಯುವಾಗ ಇದು ಸಣ್ಣ ತೊಡಕು, ಮಬ್ಬಾದಾಗ ದೊಡ್ಡದು. 6867ರಲ್ಲಿ ಶುರುವಾಗುವ ಗಾಳಿಯ ಆಮ್ಲಜನಕದ ಪಟ್ಟಿ, 6925ರ ಸಯನೋಜನ್ ಪಟ್ಟಿಯ ಪಕ್ಕದಲ್ಲೇ ಕೂತಿರುವುದನ್ನೂ ಮರೆಯಬಾರದು. ಡೆಲ್ಟಾ ಉರ್ಸೆ ಮೈನೋರಿಸ್‌ನಲ್ಲಿ ಕಾಣುವುದೆಲ್ಲ ಗಾಳಿಯದು, ಅದರಲ್ಲಿ ಇಲ್ಲದ್ದು ಝೆಡ್‌ನದು.

ಮಬ್ಬಾದಾಗ ಹಿಡಿದ ರೋಹಿತ

ಕುಸಿತದ ಸುದ್ದಿ ಕಿವಿಗೆ ಬಿದ್ದ ಕೂಡಲೇ ರೋಹಿತ ಹಿಡಿಯಲು ಓಡುವುದು ಸಹಜ. ವರ್ಗ ನಿರ್ಧಾರಕ್ಕೆ ಅದು ಅತ್ಯಂತ ಕೆಟ್ಟ ಸಮಯ. ಮೋಡ ನಕ್ಷತ್ರದ ಮುಖವನ್ನು ಮುಚ್ಚಿದೆ, ಮೋಡಕ್ಕಿಂತ ದೊಡ್ಡದಾಗಿ ಹರಡಿರುವ ಅನಿಲ ಮಾತ್ರ ಹೊರಗೆ ಇಣುಕುತ್ತಿದೆ. ಸೂರ್ಯಗ್ರಹಣದಲ್ಲಿ ವರ್ಣಮಂಡಲ ಹೊಳೆದಂತೆ, ಹೀರಿಕೆ ರೇಖೆಗಳಿದ್ದ ಜಾಗದಲ್ಲಿ ಉತ್ಸರ್ಜನ ರೇಖೆಗಳು ಏಳುತ್ತವೆ. ಕುಸಿತದ ಆರಂಭದಲ್ಲಿ ಕಬ್ಬಿಣ, ಟೈಟಾನಿಯಂ ಮೊದಲಾದವುಗಳ ಚೂಪು ರೇಖೆಗಳ ದೊಡ್ಡ ಗುಂಪು. ಒಂದೆರಡು ವಾರದಲ್ಲಿ ಅವುಗಳಲ್ಲಿ ಬಹಳಷ್ಟು ಆರಿ, ಸ್ಕ್ಯಾಂಡಿಯಂ, ಟೈಟಾನಿಯಂ, ಬೇರಿಯಂ ಅಯಾನುಗಳ ರೇಖೆಗಳು ಉಳಿಯುತ್ತವೆ. ಆಳದಲ್ಲಿ ಸೋಡಿಯಂ ಜೋಡಿ, ಕ್ಯಾಲ್ಸಿಯಂನ ಎಚ್ ಮತ್ತು ಕೆ, 3889ರ ಹೀಲಿಯಂ, ಇವು ಸೆಕೆಂಡಿಗೆ ನೂರಾರು ಕಿ.ಮೀ. ಅಗಲಕ್ಕೆ ಹರಡಿ ನಿಲ್ಲುತ್ತವೆ. ಸ್ವಾನ್ ಪಟ್ಟಿಗಳೇ ಉತ್ಸರ್ಜನಕ್ಕೆ ತಿರುಗುವುದುಂಟು. ಇದನ್ನು ಕಡಿಮೆ ಸಾಮರ್ಥ್ಯದಲ್ಲಿ ಹಿಡಿದು, ಹಿನ್ನೆಲೆ ಗೊತ್ತಿಲ್ಲದೆ ನೋಡಿದರೆ ಸಹಜೀವಿ ಜೋಡಿ ನಕ್ಷತ್ರವೋ ನೋವಾವೋ ಎಂದು ಗೊಂದಲವಾದೀತು. 5890ರ ಉಬ್ಬನ್ನು ಊರ ದೀಪದ ಸೋಡಿಯಂ ಎಂದು ಕಳೆದುಬಿಟ್ಟರೆ ಇನ್ನೂ ನಷ್ಟ.

ಆದ್ದರಿಂದ ಕ್ರಮ ಹೀಗಿರಲಿ: ವರ್ಗ ನಿರ್ಧಾರದ ರೋಹಿತ ಗರಿಷ್ಠ ಕಾಂತಿಯಲ್ಲಿ. ಕುಸಿತದಲ್ಲಿ ಹಿಡಿದದ್ದು ಅದಕ್ಕೆ ಬಲ ಕೊಡುವ ಎರಡನೇ ಸಾಕ್ಷಿ. ಸೋಡಿಯಂ ಅಗಲವಾಗಿ ಎದ್ದು, ಎಚ್-ಆಲ್ಫಾ ಆಗಲೂ ಏಳದೆ ಇದ್ದರೆ ಅದು ಬಹಳ ಬೆಲೆಯುಳ್ಳದ್ದು, ಜಲಜನಕವಿದ್ದ ಅನಿಲ ಮೋಡದ ಸುತ್ತ ಹೊಳೆಯದೆ ಇರುವುದು ಕಷ್ಟ. ಚೇತರಿಕೆಯ ಹಂತದಲ್ಲಿ ನಕ್ಷತ್ರದ ಸಹಜ ರೋಹಿತ ಮರಳಿದರೂ ಧೂಳಿನಿಂದ ಕೆಂಪಾಗಿರುತ್ತದೆ, ಆಗ ಬಣ್ಣದಿಂದ ಉಷ್ಣತೆ ಅಂದಾಜು ಮಾಡಿದರೆ ಸಾವಿರ ಕೆಲ್ವಿನ್ ಕಡಿಮೆ ಬಂದರೂ ಆಶ್ಚರ್ಯವಿಲ್ಲ. ಮೊದಲೇ ಹೇಳಿದಂತೆ ಎಚ್-ಆಲ್ಫಾದ ವಾದ ಉಷ್ಣತೆಯ ಮೇಲೆ ನಿಂತದ್ದು, ಅದೂ ಕುಸಿಯುತ್ತದೆ.

ದೊಡ್ಡ ದೂರದರ್ಶಕದ ಅವಕೆಂಪು ರೋಹಿತಲೇಖಿ ಸಿಕ್ಕರೆ, ತಣ್ಣನೆಯ ಆರ್‌ಸಿಬಿಗಳಿಗೆ ಇನ್ನೊಂದು ಪರೀಕ್ಷೆ ಇದೆ. 2.3 ಮೈಕ್ರಾನ್ ಬಳಿ ಕಾರ್ಬನ್ ಮಾನಾಕ್ಸೈಡಿನ ಪಟ್ಟಿಗಳಲ್ಲಿ ಆಮ್ಲಜನಕ-18 (ಸಾಮಾನ್ಯಕ್ಕಿಂತ ಭಾರದ ಆಮ್ಲಜನಕ) ಹೇರಳವಾಗಿ ಕಾಣುತ್ತದೆ. ಕ್ಲೇಟನ್ ಮತ್ತು ಸಂಗಡಿಗರು 2007ರಲ್ಲಿ ಇದನ್ನು ತೋರಿಸಿದ ಮೇಲೆ, ಆರ್‌ಸಿಬಿಗಳು ಎರಡು ಶ್ವೇತಕುಬ್ಜಗಳು (ಇಂಧನ ಮುಗಿದ ನಕ್ಷತ್ರಗಳ ಉಳಿಕೆ) ಒಂದಾಗಿ ಹುಟ್ಟಿದವು ಎಂಬ ವಿವರಣೆಗೆ ದೊಡ್ಡ ಬಲ ಬಂತು. ಮೈರಾದ ಕಥೆಯಲ್ಲಿ ಅಂಥ ಆಮ್ಲಜನಕಕ್ಕೆ ಜಾಗವಿಲ್ಲ.

ಹೀಗೆ ಒಂದು ನಕ್ಷತ್ರದ ವರ್ಗ ಬದಲಿಸಬೇಕೆಂದು ವರದಿ ಕಳಿಸುವಾಗ ನಾಲ್ಕು ಸಂಖ್ಯೆಗಳು ಅದರಲ್ಲಿ ಇರಲೇಬೇಕು: ರೋಹಿತ ಹಿಡಿದ ರಾತ್ರಿಯ ಕಾಂತಿಮಾನ, 4740ರಲ್ಲಿ ದೀಪದ ರೇಖೆಯ ಅಳೆದ ಅಗಲ, ಅದೇ ಜಾಗದ ಸಂಕೇತ-ಗದ್ದಲ ಅನುಪಾತ, ಮತ್ತು ವೈ ಕ್ಯಾನಮ್ ವೆನಾಟಿಕೋರಮ್‌ನ ರೋಹಿತದಲ್ಲಿ 4744 ಎಷ್ಟು ಆಳ ಕಂಡಿತು ಎಂಬುದು.